ಬೋರ್ ಹೆಚ್ಚಿಸುವುದೋ, ಸ್ಟ್ರೋಕ್ ಹೆಚ್ಚಿಸುವುದೋ: ಬೋಟ್ ಎಂಜಿನ್ ಬಿಚ್ಚುವ ಮುಂಚಿನ ಲೆಕ್ಕ

ಉದ್ದ ಸ್ಟ್ರೋಕ್ (ಸಿಲಿಂಡರ್‌ನಲ್ಲಿ ಪಿಸ್ಟನ್ ಮೇಲಿಂದ ಕೆಳಕ್ಕೆ ಚಲಿಸುವ ದೂರ) ಅಂದರೆ ಟಾರ್ಕ್ (ತಿರುಗಿಸುವ ಬಲ), ಅಗಲ ಬೋರ್ (ಸಿಲಿಂಡರ್‌ನ ಒಳವ್ಯಾಸ) ಅಂದರೆ ಆರ್‌ಪಿಎಂ. ಎಂಜಿನ್ ಬಗ್ಗೆ ನಾಲ್ಕು ಜನ ಮಾತಿಗೆ ಕೂತರೆ ಐದನೇ ನಿಮಿಷಕ್ಕೆ ಈ ಮಾತು ಬಂದೇ ಬರುತ್ತದೆ. ಇದರಲ್ಲಿ ಅರ್ಧ ನಿಜ, ಅರ್ಧ ಸುಳ್ಳು. ಸುಳ್ಳಿನ ಭಾಗವನ್ನು ನಂಬಿ ಬೋಟ್ ಎಂಜಿನ್ ಕಟ್ಟಿದರೆ ಕ್ರ್ಯಾಂಕ್‌ಗೂ (ಪಿಸ್ಟನ್‌ನ ಏರಿಳಿತವನ್ನು ತಿರುಗಾಟವಾಗಿಸುವ ದಂಡ) ಪಿಸ್ಟನ್‌ಗೂ ಸುರಿದ ದುಡ್ಡು ನೀರುಪಾಲು.

ಮೊದಲು ಟಾರ್ಕ್ ವಿಚಾರ. ಸ್ಟ್ರೋಕ್ ಉದ್ದವಾದರೆ ಕ್ರ್ಯಾಂಕ್‌ನ ತೋಳು ಉದ್ದವಾಗುತ್ತದೆ, ಸನ್ನೆಕೋಲು ಉದ್ದವಾದಷ್ಟು ತಿರುಗಿಸುವ ಬಲ ಹೆಚ್ಚು. ಇಲ್ಲಿಯವರೆಗೆ ಸರಿ. ಆದರೆ ಆ ತೋಳನ್ನು ಒತ್ತುವುದು ಪಿಸ್ಟನ್. ಅದರ ಮೇಲಿನ ಬಲ ಅಂದರೆ ಒತ್ತಡ ಗುಣಿಸು ಪಿಸ್ಟನ್‌ನ ವಿಸ್ತೀರ್ಣ. ಬೋರ್ ಅಗಲವಾದರೆ ವಿಸ್ತೀರ್ಣ ಹೆಚ್ಚುತ್ತದೆ, ಬಲವೂ ಹೆಚ್ಚುತ್ತದೆ. ವಿಸ್ತೀರ್ಣವನ್ನು ಸ್ಟ್ರೋಕ್‌ನಿಂದ ಗುಣಿಸಿದರೆ ಸಿಗುವುದೇ ಸಿಲಿಂಡರ್‌ನ ಸಾಮರ್ಥ್ಯ. ಅಂದರೆ ಟಾರ್ಕ್ ಬರುವುದು ಒಟ್ಟು ಸಿಸಿಯಿಂದ. ಆ ಸಿಸಿ ಬೋರ್‌ನಿಂದ ಬಂತೋ ಸ್ಟ್ರೋಕ್‌ನಿಂದ ಬಂತೋ ಎಂದು ಟಾರ್ಕ್ ಕೇಳುವುದಿಲ್ಲ.

ಇದನ್ನು ಒರೆಗೆ ಹಚ್ಚಲು ಶೆವರ್ಲೆ ಕಂಪನಿಯ ಸ್ಮಾಲ್ ಬ್ಲಾಕ್ ಎಂಬ ಎಂಟು ಸಿಲಿಂಡರ್‌ನ ಎಂಜಿನ್‌ಗಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ಮೂಲ 350ರ (ಇಂಥ ಹೆಸರೆಲ್ಲ ಎಂಜಿನ್‌ನ ಒಟ್ಟು ಸಾಮರ್ಥ್ಯ, ಘನ ಇಂಚಿನಲ್ಲಿ) ಬೋರ್ 4.000 ಇಂಚು, ಸ್ಟ್ರೋಕ್ 3.480. ಇದೇ ಬ್ಲಾಕ್ ಅನ್ನು 30 ಥೌ (ಇಂಚಿನ ಸಾವಿರದಲ್ಲಿ 30 ಪಾಲು) ಬೋರ್ ಮಾಡಿಸಿ 3.750 ಸ್ಟ್ರೋಕ್‌ನ ಕ್ರ್ಯಾಂಕ್ ಹಾಕಿದರೆ 383 ಘನ ಇಂಚು. ಇನ್ನೊಂದು ದಾರಿಯೂ ಇದೆ: 4.125 ಬೋರ್‌ನ 400 ಬ್ಲಾಕ್ ತಗೊಂಡು, ಅದನ್ನೂ 30 ಥೌ ಬೋರ್ ಮಾಡಿಸಿ, 3.480 ಕ್ರ್ಯಾಂಕ್ ಕೂರಿಸಿದರೆ 377. ಮೊದಲನೆಯದರಲ್ಲಿ ಸ್ಟ್ರೋಕ್ ಉದ್ದ, ಎರಡನೆಯದರಲ್ಲಿ ಬೋರ್ ಅಗಲ. 377ರ ಪಿಸ್ಟನ್ ವಿಸ್ತೀರ್ಣ ಶೇ 6.3 ಹೆಚ್ಚು, 383ರ ಕ್ರ್ಯಾಂಕ್ ತೋಳು ಶೇ 7.8 ಉದ್ದ. ಎರಡನ್ನೂ ಕಳೆದು ನೋಡಿದರೆ ಉಳಿಯುವ ವ್ಯತ್ಯಾಸ ಶೇ 1.4. ಇದು ಎರಡು ಎಂಜಿನ್‌ಗಳ ಸಿಸಿ ನಡುವಿನ ವ್ಯತ್ಯಾಸವೇ ಹೊರತು ಬೇರೇನಲ್ಲ. ಒಂದೇ ಹೆಡ್ (ಸಿಲಿಂಡರ್‌ಗಳ ಮೇಲಿನ, ವಾಲ್ವ್‌ಗಳಿರುವ ಭಾಗ), ಒಂದೇ ಕ್ಯಾಮ್ (ವಾಲ್ವ್ ತೆರೆಸುವ ದಂಡ) ಹಾಕಿ ಓಡಿಸಿದರೆ ಕೆಳಗಿನ ಆರ್‌ಪಿಎಂನಲ್ಲಿ ಯಾವುದು ಯಾವುದೆಂದು ಹೇಳುವುದು ಕಷ್ಟ.

ಹಾಗಾದರೆ ಬೋರ್‌ಗೂ ಸ್ಟ್ರೋಕ್‌ಗೂ ಭೇದವೇ ಇಲ್ಲವೇ? ಇದೆ. ಆದರೆ ಅದು ಟಾರ್ಕ್‌ನಲ್ಲಿಲ್ಲ. ಉಸಿರಾಟದಲ್ಲಿದೆ, ಆರ್‌ಪಿಎಂ ಏರಿದಾಗ ಲೋಹ ಸಹಿಸಬೇಕಾದ ಹೊರೆಯಲ್ಲಿದೆ, ಬ್ಲಾಕ್‌ನಲ್ಲಿ ಎಷ್ಟು ಲೋಹ ಉಳಿಯುತ್ತದೆ ಎಂಬುದರಲ್ಲಿದೆ. ಈ ಮೂರನ್ನೂ ತೂಗುವ ಮುಂಚೆ ಬೋಟ್‌ನ ಕೆಲಸ ಏನೆಂದು ನೋಡಬೇಕು.

ಕಾರಿಗೆ ಐದಾರು ಗೇರ್, ಬೋಟ್‌ಗೆ ಮುಂದಕ್ಕೆ ಒಂದೇ. ಥ್ರಾಟಲ್ ಪೂರ್ತಿ ತಳ್ಳಿದಾಗ ಎಂಜಿನ್ ಎಷ್ಟು ಆರ್‌ಪಿಎಂಗೆ ನಿಲ್ಲಬೇಕೆಂದು ಪ್ರೊಪೆಲ್ಲರ್‌ನ ಪಿಚ್ (ಒಂದು ಸುತ್ತಿಗೆ ಅದು ಲೆಕ್ಕದಲ್ಲಿ ಮುಂದೆ ಸಾಗುವ ದೂರ) ಮತ್ತು ಡ್ರೈವ್‌ನ ಗೇರ್ ಅನುಪಾತ ತೀರ್ಮಾನಿಸುತ್ತವೆ. ಅಲ್ಲಿಗೆ ಮುಟ್ಟಿದ ಮೇಲೆ ಗಂಟೆಗಟ್ಟಲೆ ಅಲ್ಲೇ ಇರಬೇಕಾಗಬಹುದು. ಮುಗಿಯದ ಏರುದಾರಿಯಲ್ಲಿ ಲಾರಿ ಹತ್ತಿಸಿದ ಹಾಗೆ. ಪ್ರೊಪೆಲ್ಲರ್ ನುಂಗುವ ಶಕ್ತಿ ಹೆಚ್ಚುಕಡಿಮೆ ಆರ್‌ಪಿಎಂನ ಘನಕ್ಕೆ ಅನುಗುಣವಾಗಿ ಏರುತ್ತದೆ. ಹಾಗಾಗಿ ಡೈನೋ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಕಾಗದದ ತುದಿಯಲ್ಲಿ 6500 ಆರ್‌ಪಿಎಂಗೆ ಕಾಣುವ ಹಾರ್ಸ್‌ಪವರ್ ಬೋಟ್‌ಗೆ ಉಪಯೋಗವಿಲ್ಲ. ನಿಮ್ಮ ಪ್ರೊಪೆಲ್ಲರ್ 5200ಕ್ಕೆ ನಿಲ್ಲಿಸುವುದಾದರೆ 5200ರಲ್ಲಿ ಎಷ್ಟು ಎಂಬುದೊಂದೇ ಲೆಕ್ಕಕ್ಕೆ ಬರುವ ಸಂಖ್ಯೆ.

ಇನ್ನೊಂದು ಕಟ್ಟು ಎಕ್ಸಾಸ್ಟ್‌ನದು. ಬೋಟ್‌ನ ಎಕ್ಸಾಸ್ಟ್‌ಗೆ ತಣಿಸಲು ನೀರು ಬೆರೆಸುತ್ತಾರೆ. ಕ್ಯಾಮ್‌ನಲ್ಲಿ ಓವರ್‌ಲ್ಯಾಪ್ (ಇನ್‌ಟೇಕ್, ಎಕ್ಸಾಸ್ಟ್ ವಾಲ್ವ್ ಎರಡೂ ಒಟ್ಟಿಗೆ ತೆರೆದಿರುವ ಹೊತ್ತು) ಜಾಸ್ತಿ ಇದ್ದರೆ ಕಡಿಮೆ ಆರ್‌ಪಿಎಂನಲ್ಲಿ ಹೊಗೆಯ ಜತೆ ಆ ನೀರೂ ಹಿಂದಕ್ಕೆ ಎಳೆದುಕೊಂಡು ಸಿಲಿಂಡರ್ ಸೇರುತ್ತದೆ. ಮೊದಲು ಎಕ್ಸಾಸ್ಟ್ ವಾಲ್ವ್ ತುಕ್ಕು ಹಿಡಿಯುತ್ತದೆ, ಆಮೇಲೆ ರಿಂಗ್. ಅದಕ್ಕೇ ಬೋಟ್ ಕ್ಯಾಮ್‌ಗಳಲ್ಲಿ ಲೋಬ್ ಸೆಪರೇಷನ್ (ಇನ್‌ಟೇಕ್, ಎಕ್ಸಾಸ್ಟ್ ವಾಲ್ವ್ ತೆರೆಸುವ ಉಬ್ಬುಗಳ ನಡುವಿನ ಕೋನ; ಹೆಚ್ಚಿದಷ್ಟೂ ಓವರ್‌ಲ್ಯಾಪ್ ಕಡಿಮೆ) 112ರಿಂದ 114 ಡಿಗ್ರಿ ಇಡುವ ರೂಢಿ. ದೊಡ್ಡ ಕ್ಯಾಮ್ ಹಾಕಿ ಆರ್‌ಪಿಎಂನಿಂದ ಶಕ್ತಿ ಹಿಂಡುವ ದಾರಿ ಇಲ್ಲಿ ಅರ್ಧ ಮುಚ್ಚಿದೆ ಎಂದಾಯಿತು. ತೆರೆದಿರುವ ದಾರಿ ಒಂದೇ, ಸಿಸಿ ಹೆಚ್ಚಿಸುವುದು. ದೊಡ್ಡ ಎಂಜಿನ್‌ನಲ್ಲಿ ಅದೇ ಕ್ಯಾಮ್ ಸಣ್ಣ ಕ್ಯಾಮ್‌ನಂತೆ ಸೌಮ್ಯವಾಗಿ ನಡೆದುಕೊಳ್ಳುತ್ತದೆ, ಇದು ಬೋನಸ್.

ಈಗ ಸ್ಟ್ರೋಕ್‌ನ ಹೊರೆ. ಪಿಸ್ಟನ್‌ನ ಸರಾಸರಿ ವೇಗ ತಿಳಿಯಲು ಸ್ಟ್ರೋಕ್ ಅನ್ನು (ಇಂಚಿನಲ್ಲಿ) ಆರ್‌ಪಿಎಂನಿಂದ ಗುಣಿಸಿ 6ರಿಂದ ಭಾಗಿಸಿ, ನಿಮಿಷಕ್ಕೆ ಇಷ್ಟು ಅಡಿ ಎಂದು ಸಿಗುತ್ತದೆ. 4.00 ಇಂಚಿನ ಸ್ಟ್ರೋಕ್ 5500 ಆರ್‌ಪಿಎಂನಲ್ಲಿ ಸುಮಾರು 3670 ಅಡಿ. 4.25 ಇಂಚಿನದು ಅದೇ ಆರ್‌ಪಿಎಂಗೆ 3900ರ ಹತ್ತಿರವೇ ಬರುತ್ತದೆ. ಹೊತ್ತು ಹೊತ್ತು ಪೂರ್ತಿ ಥ್ರಾಟಲ್‌ನಲ್ಲಿ ಓಡುವ ಎಂಜಿನ್‌ಗೆ 4000 ಅಡಿಯ ಒಳಗೆ ಇರುವುದು ಜಾಣತನ.

ಆದರೆ ರಾಡ್ (ಪಿಸ್ಟನ್ ಅನ್ನು ಕ್ರ್ಯಾಂಕ್‌ಗೆ ಜೋಡಿಸುವ ಕೋಲು) ಮುರಿಯುವುದು ವೇಗದಿಂದಲ್ಲ, ಪಿಸ್ಟನ್ ಮೇಲ್ತುದಿಯಲ್ಲಿ ನಿಂತು ವಾಪಸ್ ತಿರುಗುವಾಗಿನ ಎಳೆತದಿಂದ. ಪಿಸ್ಟನ್, ಪಿನ್, ರಿಂಗ್, ರಾಡ್‌ನ ಮೇಲ್ಭಾಗ ಎಲ್ಲ ಸೇರಿ 1 ಕೆಜಿ ಎಂದಿಟ್ಟುಕೊಳ್ಳಿ. 4.00 ಸ್ಟ್ರೋಕ್, 6.135 ಇಂಚಿನ ರಾಡ್, 5200 ಆರ್‌ಪಿಎಂ: ರಾಡ್ ಬೋಲ್ಟ್‌ಗಳ ಮೇಲೆ ಪ್ರತಿ ಸುತ್ತಿಗೂ ಸುಮಾರು 2.04 ಟನ್ ಎಳೆತ. 4.25 ಸ್ಟ್ರೋಕ್, 6.385 ರಾಡ್, ಅದೇ ಆರ್‌ಪಿಎಂ: 2.17 ಟನ್. ಕಾಲು ಇಂಚು ಸ್ಟ್ರೋಕ್‌ಗೆ ತೆತ್ತ ಬೆಲೆ ಇಷ್ಟೇ. ಈಗ ಬೋಟ್ ಅಲೆಯ ಮೇಲಿಂದ ಹಾರಿತು, ಪ್ರೊಪೆಲ್ಲರ್ ನೀರಿನಿಂದ ಹೊರಬಂತು, ಹೊರೆ ಕಳಚಿದ ಎಂಜಿನ್ ಗಕ್ಕನೆ 6200ಕ್ಕೆ ನೆಗೆಯಿತು ಅಂದುಕೊಳ್ಳಿ. ಎಳೆತ 3.1 ಟನ್. ಸ್ಟ್ರೋಕ್ ಹೆಚ್ಚಿದರೆ ಹೊರೆ ಅದರ ಜತೆ ಜತೆಗೇ ಹೆಚ್ಚುತ್ತದೆ, ಆರ್‌ಪಿಎಂ ಹೆಚ್ಚಿದರೆ ಅದರ ವರ್ಗದಷ್ಟು ಹೆಚ್ಚುತ್ತದೆ. ‘ಉದ್ದ ಸ್ಟ್ರೋಕ್ ಎಂಜಿನ್ ಬಾಳಿಕೆ ಬರಲ್ಲ’ ಅನ್ನುವವರು ಬಹಳ ಸಲ ರೆವ್ ಲಿಮಿಟರ್ (ಆರ್‌ಪಿಎಂ ಮಿತಿ ದಾಟದಂತೆ ತಡೆಯುವ ಸಾಧನ) ಇಲ್ಲದ ಎಂಜಿನ್ ಕಥೆ ಹೇಳುತ್ತಿರುತ್ತಾರೆ.

ಬೋರ್ ಕಡೆಯ ಲಾಭ ಉಸಿರಾಟ. ಸ್ಮಾಲ್ ಬ್ಲಾಕ್‌ನಲ್ಲಿ ವಾಲ್ವ್‌ಗಳು ಒಂದೇ ಸಾಲಿನಲ್ಲಿ ಒಂದಕ್ಕೊಂದು ಸಮಾಂತರವಾಗಿ ನಿಂತಿರುತ್ತವೆ. 4.000 ಬೋರ್‌ನಲ್ಲಿ 2.02 ಇಂಚಿನ ಇನ್‌ಟೇಕ್ ವಾಲ್ವ್ ತೆರೆದರೆ ಅದರ ಒಂದು ಅಂಚು ಸಿಲಿಂಡರ್ ಗೋಡೆಗೆ ಆತುಕೊಂಡಂತೆಯೇ ಇರುತ್ತದೆ, ಆ ಬದಿಯಿಂದ ಗಾಳಿ ಸಲೀಸಾಗಿ ಒಳಬರುವುದಿಲ್ಲ. 4.155 ಬೋರ್‌ನಲ್ಲಿ ಗೋಡೆ ಹತ್ತಿರ ಹತ್ತಿರ 78 ಥೌ ಆಚೆ ಸರಿದಿರುತ್ತದೆ. 377, 383ರ ನಡುವಿನ ನಿಜವಾದ ಭೇದ ಇಲ್ಲೇ, ಅದೂ 5500 ದಾಟಿದ ಮೇಲೆ. ಶೆವರ್ಲೆಯ ಇನ್ನೂ ದೊಡ್ಡ ಎಂಜಿನ್ ಆದ ಬಿಗ್ ಬ್ಲಾಕ್‌ನಲ್ಲಿ ವಾಲ್ವ್‌ಗಳು ಬೇರೆ ಬೇರೆ ಕೋನಕ್ಕೆ ವಾಲಿಕೊಂಡಿರುವುದರಿಂದ ತೆರೆಯುವಾಗ ಗೋಡೆಯಿಂದ ದೂರ ಹೋಗುತ್ತವೆ. ಅಲ್ಲಿ ಬೋರ್‌ನಿಂದ ಸಿಗುವ ಈ ಲಾಭ ಅಷ್ಟು ಎದ್ದು ಕಾಣುವುದಿಲ್ಲ.

ಬೋರ್‌ಗೂ ಬೆಲೆ ಇದೆ. ಬೆಂಕಿ ಸಾಗಬೇಕಾದ ದೂರ ಹೆಚ್ಚುತ್ತದೆ, ಸದಾ ಹೊರೆಯಲ್ಲಿರುವ ಬೋಟ್ ಎಂಜಿನ್‌ನಲ್ಲಿ ನಾಕಿಂಗ್ (ಇಂಧನ ಹೊತ್ತಲ್ಲದ ಹೊತ್ತಿಗೆ ಸಿಡಿದು ಎಂಜಿನ್ ಬಡಿಯುವುದು) ಹತ್ತಿರ ಬರುತ್ತದೆ. ಇನ್ನು ಲೋಹ. ಶೆವರ್ಲೆ ಸ್ಮಾಲ್ ಬ್ಲಾಕ್‌ನಲ್ಲಿ ಪಕ್ಕಪಕ್ಕದ ಸಿಲಿಂಡರ್‌ಗಳ ನಡುಬಿಂದುಗಳ ಅಂತರ 4.400 ಇಂಚು, ಬಿಗ್ ಬ್ಲಾಕ್‌ನಲ್ಲಿ 4.840. ಬೋರ್ ಕಳೆದರೆ ನಡುವೆ ಹೆಡ್ ಗ್ಯಾಸ್ಕೆಟ್‌ಗೆ ಉಳಿಯುವ ಪಟ್ಟಿ ಎಷ್ಟೆಂದು ಗೊತ್ತಾಗುತ್ತದೆ. 4.030 ಬೋರ್‌ಗೆ 370 ಥೌ, 4.155ಕ್ಕೆ ಬರೀ 245. 400 ಬ್ಲಾಕ್‌ನಲ್ಲಿ ಸಿಲಿಂಡರ್‌ಗಳು ಅಂಟಿಕೊಂಡೇ ಇರುತ್ತವೆ, ಮಧ್ಯೆ ನೀರು ಹರಿಯುವುದಿಲ್ಲ. ಆವಿ ಹೊರಹೋಗಲು ಹೆಡ್‌ನಲ್ಲಿ ಸಣ್ಣ ತೂತು ಕೊರೆಯಲೇಬೇಕು. 350ರ ಹೆಡ್ ತಂದು ಈ ತೂತು ಕೊರೆಯದೆ ಕೂರಿಸಿದರೆ ಗ್ಯಾಸ್ಕೆಟ್ ಹೋಗುವುದು ಸಿಲಿಂಡರ್‌ಗಳ ನಡುವಿನ ಆ ಕಿರಿದಾದ ಪಟ್ಟಿಯಲ್ಲೇ.

ಉಪ್ಪುನೀರಲ್ಲಿ ಓಡಿದ ಹಳೇ ಬ್ಲಾಕ್ ಆದರೆ ಮಾತೇ ಬೇರೆ. ನೇರವಾಗಿ ಹೊರಗಿನ ನೀರನ್ನೇ ಒಳಗೆ ಹರಿಸಿ ತಣಿಸುವ ಎಂಜಿನ್‌ನಲ್ಲಿ ಸಿಲಿಂಡರ್ ಗೋಡೆಯನ್ನು ಉಪ್ಪು ಹಿಂಬದಿಯಿಂದ ತಿನ್ನುತ್ತಾ ಬಂದಿರುತ್ತದೆ. ಬೋರ್ ಗೇಜ್ ಇಟ್ಟರೆ ಒಳಗೆ ಕನ್ನಡಿಯಂತಿರುತ್ತದೆ, ಆಚೆ ಬದಿ ಗೆದ್ದಲು ತಿಂದ ಮರ. ಎರಕ ಹೊಯ್ಯುವಾಗ ಅಚ್ಚು ಸರಿದಿದ್ದರೆ ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು ಎಂಬ ತಾಪತ್ರಯ ಬೇರೆ. ಹೀಗಾಗಿ ಬೋರಿಂಗ್‌ಗೆ ಕೊಡುವ ಮುಂಚೆ ಸೋನಿಕ್ ಟೆಸ್ಟ್ (ಶಬ್ದತರಂಗದಿಂದ ಗೋಡೆಯ ದಪ್ಪ ಅಳೆಯುವುದು) ಮಾಡಿಸಿ: ಪ್ರತಿ ಸಿಲಿಂಡರ್‌ನಲ್ಲಿ ಮೇಲೆ, ನಡು, ಕೆಳಗೆ, ಪ್ರತಿ ಮಟ್ಟದಲ್ಲೂ ನಾಲ್ಕು ದಿಕ್ಕು, ಒಟ್ಟು 12 ಅಳತೆ. ಪಿಸ್ಟನ್ ಒತ್ತುವ ಬದಿಯಲ್ಲಿ ಬೋರ್ ಆದ ಮೇಲೆ 200 ಥೌ ಆಸುಪಾಸು ಉಳಿಯಬೇಕು. 150ಕ್ಕೆ ಇಳಿಯುವುದಾದರೆ ಆ ಬ್ಲಾಕ್ ಬೇಡ. ಒಂದು ಎಚ್ಚರಿಕೆ: ಜೋಡಿ ಎಂಜಿನ್‌ನ ಬೋಟ್‌ಗಳಲ್ಲಿ ಒಂದು ಎಂಜಿನ್ ಉಲ್ಟಾ ತಿರುಗುವ ಮಾದರಿ ಇರಬಹುದು. ಅದರಲ್ಲಿ ಒತ್ತುವ ಬದಿಯೂ ಅದಲುಬದಲು. ಪಿನ್ ಆಫ್‌ಸೆಟ್ (ಪಿನ್ ನಡುವಿನಿಂದ ಸ್ವಲ್ಪ ಪಕ್ಕಕ್ಕೆ) ಇರುವ ಪಿಸ್ಟನ್ ಆದರೆ ಅದನ್ನೂ ತಿರುಗಿಸಿ ಹಾಕಬೇಕು.

ಹೀಗಾಗಿ ನನ್ನ ತೀರ್ಪು: ಬೋರ್ ಅನ್ನು ಬ್ಲಾಕ್ ಆರಿಸುವಾಗಲೇ ಆರಿಸಿಕೊಳ್ಳಿ. ಅಗಲ ಬೋರ್ ಬೇಕಿದ್ದರೆ ಹುಟ್ಟಿನಿಂದಲೇ ಅಗಲವಾಗಿರುವ ಬ್ಲಾಕ್ ತನ್ನಿ. ಕೈಯಲ್ಲಿರುವ ಬ್ಲಾಕ್‌ನ ಗೋಡೆ ಕೆರೆದು ಸಿಸಿ ಹುಡುಕಬೇಡಿ. ಹೆಚ್ಚುವರಿ ಸಿಸಿ ಸ್ಟ್ರೋಕ್‌ನಿಂದ ಬರಲಿ, ಪ್ರೊಪೆಲ್ಲರ್ 5500ರ ಕೆಳಗೆ ನಿಲ್ಲಿಸುವ ಬೋಟ್‌ಗಂತೂ ಇದರಲ್ಲಿ ಎರಡು ಮಾತಿಲ್ಲ. ಬಿಗ್ ಬ್ಲಾಕ್‌ನ ವಂಶಾವಳಿಯೂ ಇದನ್ನೇ ತೋರಿಸುತ್ತದೆ. 427, 454, ಆಮೇಲಿನ 8.1 ಲೀಟರ್‌ನ 496, ಮೂರಕ್ಕೂ ಬೋರ್ 4.25 ಇಂಚೇ. ಸ್ಟ್ರೋಕ್ ಮಾತ್ರ 3.76, 4.00, 4.37 ಎಂದು ಬೆಳೆಯಿತು.

ಟು-ಸ್ಟ್ರೋಕ್ ಔಟ್‌ಬೋರ್ಡ್‌ಗಳಲ್ಲಿ (ಬೋಟ್‌ನ ಹಿಂಬದಿಗೆ ಹೊರಗೆ ತೂಗುವ ಎಂಜಿನ್) ಇದು ಪೂರ್ತಿ ತಿರುಗುಮುರುಗು. ಮರ್ಕ್ಯುರಿಯ ವಿ6 1976ರಲ್ಲಿ ಬಂದಾಗ 122 ಘನ ಇಂಚು, ಬೋರ್ 3.125. ನಂತರದ 2.4 ಲೀಟರ್‌ಗೆ 3.375, 2.5 ಲೀಟರ್‌ಗೆ 3.50. ಮೂರರಲ್ಲೂ ಸ್ಟ್ರೋಕ್ 2.65 ಇಂಚು, ಕದಲಲಿಲ್ಲ. ಆ ಎಂಜಿನ್‌ಗಳಲ್ಲಿ ಪೋರ್ಟ್‌ಗಳಿರುವುದು (ಗಾಳಿ, ಹೊಗೆ ಓಡಾಡುವ ಕಿಂಡಿಗಳು) ಸಿಲಿಂಡರ್ ಗೋಡೆಯಲ್ಲೇ. ಸ್ಟ್ರೋಕ್ ಮುಟ್ಟಿದರೆ ಎಲ್ಲ ಪೋರ್ಟ್‌ಗಳ ಟೈಮಿಂಗ್ ಕದಲುತ್ತದೆ, ಬೋರ್ ಹೆಚ್ಚಿಸಿದರೆ ಟೈಮಿಂಗ್ ಇದ್ದಲ್ಲೇ ಇರುತ್ತದೆ. ಜತೆಗೆ 2.65 ಸ್ಟ್ರೋಕ್‌ಗೆ 7000 ಆರ್‌ಪಿಎಂನಲ್ಲೂ ಪಿಸ್ಟನ್ ವೇಗ 3100 ಅಡಿ ಮುಟ್ಟುವುದಿಲ್ಲ.

ವಾಪಸ್ ಬಿಗ್ ಬ್ಲಾಕ್‌ಗೆ ಬರೋಣ. 454 ಬ್ಲಾಕ್ 60 ಥೌ ಬೋರ್ ಆಗಿ 4.310, ಅದಕ್ಕೆ 4.25 ಸ್ಟ್ರೋಕ್‌ನ 4340 ಉಕ್ಕಿನ ಫೋರ್ಜ್ಡ್ ಕ್ರ್ಯಾಂಕ್: ಇದೂ 496 ಘನ ಇಂಚೇ. ಗೋಡೆ ದಪ್ಪ ಸಾಲದಿದ್ದರೆ 30 ಥೌಗೇ ನಿಲ್ಲಿಸಿ, ಕಳೆದುಕೊಳ್ಳುವುದು ಏಳು ಘನ ಇಂಚು ಮಾತ್ರ. ರಾಡ್ 6.385 ಹಾಕಿ. ಬ್ಲಾಕ್‌ನ ಡೆಕ್ ಎತ್ತರ (ಕ್ರ್ಯಾಂಕ್‌ನ ನಡುವಿನಿಂದ ಹೆಡ್ ಕೂರುವ ಮೇಲ್ಮೈವರೆಗೆ) 9.800. ಅದರಿಂದ ಸ್ಟ್ರೋಕ್‌ನ ಅರ್ಧ 2.125, ರಾಡ್ 6.385 ಕಳೆದರೆ 1.290. ಪಿನ್ ಎತ್ತರ (ಪಿನ್ ನಡುವಿನಿಂದ ಪಿಸ್ಟನ್‌ನ ಮೇಲ್ಮೈವರೆಗೆ) 1.270ರ ಪಿಸ್ಟನ್ ತಂದರೆ ಅದು ಡೆಕ್‌ನಿಂದ 20 ಥೌ ಕೆಳಗೆ ನಿಲ್ಲುತ್ತದೆ. ಡೆಕ್ ಅನ್ನು 15 ಥೌ ತೆಗೆಸಿ 5ಕ್ಕೆ ತನ್ನಿ. ಒತ್ತಿದ ಮೇಲೆ 39 ಥೌ ಉಳಿಯುವ ಗ್ಯಾಸ್ಕೆಟ್ ಸೇರಿ ಪಿಸ್ಟನ್‌ಗೂ ಹೆಡ್‌ಗೂ ನಡುವೆ 44 ಥೌ. ಇದು ನಾಕಿಂಗ್ ತಡೆಯುವ ಅಳತೆ. ‘ಸುರಕ್ಷಿತವಾಗಿರಲಿ’ ಅಂತ ಇದನ್ನು 70, 80ಕ್ಕೆ ಬಿಟ್ಟವರಿಗೇ ನಾಕಿಂಗ್ ಕಾಟ ಜಾಸ್ತಿ. 6.135 ರಾಡ್ ಉಳಿಸಿಕೊಂಡರೆ ಪಿಸ್ಟನ್‌ನ ಕೆಳತುದಿ ಕ್ರ್ಯಾಂಕ್‌ನ ಕೌಂಟರ್‌ವೇಟ್‌ಗೆ (ಸಮತೋಲದ ತೂಕ) ತಾಗುವ ಭಯ. ಉದ್ದ ರಾಡ್‌ನ ಮುಖ್ಯ ಉಪಕಾರ ಇದೇ, ರಾಡ್ ಅನುಪಾತದ (ರಾಡ್ ಉದ್ದ ಭಾಗಿಸು ಸ್ಟ್ರೋಕ್) ಮಂತ್ರ ಜಪಿಸುವ ಅಗತ್ಯವಿಲ್ಲ.

ಸ್ಟ್ರೋಕ್ ಹೆಚ್ಚಿಸುವವರು ಮರೆಯುವುದು ಕಂಪ್ರೆಷನ್, ಅಂದರೆ ಸಿಲಿಂಡರ್‌ನ ಗಾಳಿ ಎಷ್ಟು ಪಟ್ಟು ಒತ್ತಿಕೊಳ್ಳುತ್ತದೆ ಎಂಬ ಅನುಪಾತ. ಹೆಡ್‌ನ ಚೇಂಬರ್ 119 ಸಿಸಿ, ಗ್ಯಾಸ್ಕೆಟ್ ಸುಮಾರು 9.6, ಡೆಕ್ ಸಂದು 1.2, ಪಿಸ್ಟನ್ ಮೇಲಿನ ವಾಲ್ವ್ ಗುಳಿ 3, ಒಟ್ಟು 132.8 ಸಿಸಿ. 4.310 ಬೋರ್‌ಗೆ 4.00 ಸ್ಟ್ರೋಕ್ ಇದ್ದಾಗ ಸಿಲಿಂಡರ್ 956 ಸಿಸಿ, ಅನುಪಾತ 8.2. ಸ್ಟ್ರೋಕ್ 4.25 ಆದಾಗ 1016 ಸಿಸಿ, ಅನುಪಾತ 8.65. ಬೇರೇನೂ ಮುಟ್ಟದೆ ಅರ್ಧ ಪಾಯಿಂಟ್ ಹತ್ತಿರ ಏರಿತು. ಸಪಾಟು ಪಿಸ್ಟನ್‌ಗೆ ಇದು ಹಿತವಾದ ಸಂಖ್ಯೆ. ಹಳೇ ಲೆಕ್ಕದಲ್ಲೇ ಡೋಮ್ ಇರುವ ಪಿಸ್ಟನ್ ಆರ್ಡರ್ ಮಾಡಿದರೆ ಬೋಟ್‌ಗೆ ಸಲ್ಲದಷ್ಟು ಏರಿ ಕೂರುತ್ತದೆ.

ಜೋಡಿಸುವ ಮುಂಚೆ ಒಂದು ಸುಳ್ಳು ಜೋಡಣೆ ಆಗಲೇಬೇಕು. ಮೇನ್ ಬೇರಿಂಗ್ ಮೇಲೆ ಕ್ರ್ಯಾಂಕ್, ಕ್ಯಾಮ್ ಒಳಗೆ, ರಿಂಗ್ ಇಲ್ಲದ ಒಂದು ಪಿಸ್ಟನ್ ಮತ್ತು ರಾಡ್. ಕೈಯಿಂದ ನಿಧಾನ ಎರಡು ಸುತ್ತು ತಿರುಗಿಸಿ, ಏಕೆಂದರೆ ಕ್ಯಾಮ್‌ಗೆ ಒಂದು ಸುತ್ತಾಗಲು ಕ್ರ್ಯಾಂಕ್ ಎರಡು ಸುತ್ತಬೇಕು. ರಾಡ್‌ನ ಬೋಲ್ಟ್ ತಲೆ ಸಿಲಿಂಡರ್‌ನ ಕೆಳ ಅಂಚಿಗೆ ಹತ್ತಿರ ಬರುವ ಜಾಗದಲ್ಲಿ 60 ಥೌ ಫೀಲರ್ (ಸಂದು ಅಳೆಯುವ ತಗಡು) ತೂರಬೇಕು. ಕ್ಯಾಮ್ ಲೋಬ್ ಹತ್ತಿರವೂ ಅಷ್ಟೇ. ತೂರದಿದ್ದರೆ ಬ್ಲಾಕ್‌ಗೆ ಗುರುತು ಹಾಕಿ ಗ್ರೈಂಡ್ ಮಾಡಿ, ಸ್ವಲ್ಪ ಸ್ವಲ್ಪವೇ. ಆ ಅಂಚಿನ ಹಿಂದೆಯೇ ನೀರಿನ ಕೋಣೆ ಇರುತ್ತದೆ. ಒಂದು ಏಟು ಜಾಸ್ತಿ ಬಿದ್ದರೆ ಎಣ್ಣೆಗೆ ನೀರು ಇಳಿಯುವ ತೂತು ನಿಮ್ಮ ಕೈಯಿಂದಲೇ ಕೊರೆದಂತೆ. ಎಂಟೂ ಸಿಲಿಂಡರ್‌ಗೆ ಇದನ್ನೇ ಮಾಡಿ. ನಾಲ್ಕು ಸರಿ ಇವೆ ಅಂತ ಐದನೆಯದನ್ನು ಬಿಡಬೇಡಿ, ಎರಕದ ಕಬ್ಬಿಣಕ್ಕೆ ಅಷ್ಟು ಶಿಸ್ತಿಲ್ಲ.

ಕ್ಲಿಯರೆನ್ಸ್‌ನಲ್ಲಿ ಬೋಟ್‌ನದ್ದೇ ಬೇರೆ ನಿಯಮ. ಹೊರಗಿನ ನೀರಿನಿಂದ ತಣಿಯುವ ಎಂಜಿನ್‌ನ ಥರ್ಮೋಸ್ಟಾಟ್ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನದು, ಕಾರಿನಂತೆ 90 ಅಲ್ಲ. ಸಿಲಿಂಡರ್ ಗೋಡೆ ತಣ್ಣಗೆ, ಪೂರ್ತಿ ಥ್ರಾಟಲ್‌ನಲ್ಲಿ ಪಿಸ್ಟನ್ ಕೆಂಡ. ಪಿಸ್ಟನ್ ಹಿಗ್ಗುತ್ತದೆ, ಗೋಡೆ ಅಷ್ಟು ಹಿಗ್ಗುವುದಿಲ್ಲ. ಕಾರಿನ ಅಳತೆಯಲ್ಲಿ ಜೋಡಿಸಿದರೆ ಪಿಸ್ಟನ್ ಸವರಿಕೊಂಡು ಗೀರು ಬೀಳುತ್ತದೆ. 2618 ಮಿಶ್ರಲೋಹದ ಫೋರ್ಜ್ಡ್ ಪಿಸ್ಟನ್ ಹೆಚ್ಚು ಹಿಗ್ಗುತ್ತದೆ, ಆದರೆ ಬಿರುಕು ಬಿಡದೆ ತಡೆಯುತ್ತದೆ. ಸಿಲಿಕಾನ್ ಹೆಚ್ಚಿರುವ 4032 ಕಡಿಮೆ ಹಿಗ್ಗುತ್ತದೆ, ಹಾಗೆಯೇ ಪೆಡಸು. 4.310 ಬೋರ್‌ಗೆ 2618 ಹಾಕಿದಾಗ 5ರಿಂದ 6 ಥೌ ಸಂದು ಇರಲಿ, ಪಿಸ್ಟನ್ ತಯಾರಕರ ಹಾಳೆ ಇದಕ್ಕಿಂತ ಹೆಚ್ಚು ಕೇಳಿದರೆ ಹಾಳೆಯ ಮಾತೇ ಕೊನೆ. ಮೇಲಿನ ರಿಂಗ್‌ನ ಬಾಯಿ ಬೋರ್‌ನ ಪ್ರತಿ ಇಂಚಿಗೆ 5 ಥೌ ಲೆಕ್ಕದಲ್ಲಿ 22. ಹೋನಿಂಗ್ (ಬೋರ್‌ನ ಕೊನೆಯ ನುಣುಪು ಕೆಲಸ) ಮಾಡುವಾಗ ಹೆಡ್‌ನ ಬದಲಿಗೆ ಟಾರ್ಕ್ ಪ್ಲೇಟ್ ಬಿಗಿದೇ ಮಾಡಿಸಿ, ಹೆಡ್ ಬೋಲ್ಟ್ ಬಿಗಿದಾಗ ದುಂಡಗಿನ ಬೋರ್ ದುಂಡಗೆ ಉಳಿಯುವುದಿಲ್ಲ.

ಇನ್ನೊಂದು ಗುಂಡಿ ಫ್ಲೈವೀಲ್‌ನಲ್ಲಿದೆ. ಮೂಲ 454 ಹೊರಗಿನ ತೂಕದಿಂದ ಬ್ಯಾಲೆನ್ಸ್ ಆದ ಎಂಜಿನ್, ಅದರ ಫ್ಲೈವೀಲ್‌ಗೂ ಮುಂದಿನ ಡ್ಯಾಂಪರ್‌ಗೂ ಒಂದು ಬದಿ ತೂಕ ಜಾಸ್ತಿ ಇರುತ್ತದೆ. ಹೊಸ ಸ್ಟ್ರೋಕರ್ (ಸ್ಟ್ರೋಕ್ ಹೆಚ್ಚಿಸುವ) ಕ್ರ್ಯಾಂಕ್ ಒಳಗೇ ಬ್ಯಾಲೆನ್ಸ್ ಆಗಿದ್ದು ಹಳೇ ಫ್ಲೈವೀಲ್ ಮತ್ತೆ ಹಾಕಿದರೆ ಎಂಜಿನ್ 3000 ದಾಟುವ ಮುಂಚೆಯೇ ನಡುಗುತ್ತದೆ. ಜನ ಕಪ್ಲರ್ ಬದಲಿಸುತ್ತಾರೆ, ಮೌಂಟ್ ಬದಲಿಸುತ್ತಾರೆ, ಡ್ರೈವ್ ಅಲೈನ್‌ಮೆಂಟ್ ನೋಡುತ್ತಾರೆ. ಫ್ಲೈವೀಲ್ ಹಿಂಬದಿಯ ಆ ದಪ್ಪ ತುಂಡನ್ನು ಮಾತ್ರ ನೋಡುವುದಿಲ್ಲ.

ಕೊನೆಗೆ ಪ್ರೊಪೆಲ್ಲರ್. ಶಕ್ತಿ ಶೇ 20 ಹೆಚ್ಚಿದರೆ ಅದೇ ಪ್ರೊಪೆಲ್ಲರ್‌ನಲ್ಲಿ ಆರ್‌ಪಿಎಂ ಏರುವುದು ಶೇ 6 ಮಾತ್ರ, 4800 ಇದ್ದದ್ದು 5100 ಆಗುತ್ತದೆ. ಇದನ್ನು ಹಾಗೇ ಬಿಟ್ಟರೆ ಉದ್ದ ಸ್ಟ್ರೋಕ್‌ಗೆ ಬೇಡದ ಕಡೆ ಎಂಜಿನ್ ಓಡುತ್ತದೆ. ಪಿಚ್ ಒಂದು ಇಂಚು ಹೆಚ್ಚಾದರೆ ಸಾಮಾನ್ಯವಾಗಿ 150ರಿಂದ 200 ಆರ್‌ಪಿಎಂ ಇಳಿಯುತ್ತದೆ, ಹಾಗಾಗಿ ಎರಡು ಇಂಚು ಹೆಚ್ಚಿನ ಪಿಚ್‌ನಿಂದ ಶುರು ಮಾಡಿ. ಪರೀಕ್ಷೆಗೆ ಟ್ಯಾಂಕ್ ತುಂಬಿರಲಿ, ಬೋಟ್‌ನಲ್ಲಿ ಎಂದಿನಷ್ಟು ಜನ ಇರಲಿ. ಖಾಲಿ ಬೋಟ್‌ಗೆ ಹೊಂದಿದ ಪ್ರೊಪೆಲ್ಲರ್ ತುಂಬಿದ ಬೋಟ್‌ನಲ್ಲಿ ಎಂಜಿನ್‌ನ ಉಸಿರು ಕಟ್ಟಿಸುತ್ತದೆ. ಆರ್‌ಪಿಎಂ ಎಲ್ಲಿ ನಿಲ್ಲುತ್ತದೆಂದು ಟ್ಯಾಕೋಮೀಟರ್‌ನಲ್ಲಿ ನೋಡಿಕೊಂಡ ಮೇಲೆ ಲಿಮಿಟರ್ ಅನ್ನು ಅದಕ್ಕಿಂತ 200 ಮೇಲಕ್ಕೆ ಇಡಿ, ಅಲೆ ಹಾರುವ ಬೋಟ್ ಆದರೆ ಆ 200ಕ್ಕಿಂತ ಒಂದು ಪಾಯಿಂಟ್ ಜಾಸ್ತಿ ಬೇಡ.